ಲೆನ್ಸ್ ಹಿಂದಿನ ಹಿತ್ತಾಳೆ ಬಳೆ

ಹಳೆಯ ಹಿತ್ತಾಳೆ ಲೆನ್ಸ್ ಒಂದು ಕೈಗೆ ಬಂದರೆ ಎಲ್ಲರೂ ಮೊದಲು ನೋಡುವುದು ಗಾಜನ್ನು. ಗೀರು ಬಿದ್ದಿದೆಯಾ, ಫಂಗಸ್ ಹಿಡಿದಿದೆಯಾ, ಯಾರ ಹೆಸರು ಕೆತ್ತಿದ್ದಾರೆ. ನಾನು ಅದನ್ನು ಮಗುಚಿ ಹಿಂಭಾಗ ನೋಡುತ್ತೇನೆ. ಅಲ್ಲಿ ಒಂದು ಬಳೆ ಇರಬೇಕು. ಅಗಲ ಅಂಚಿನ ಬಳೆ. ಅಂಚಿನಲ್ಲಿ ಮೂರೋ ನಾಲ್ಕೋ ಸ್ಕ್ರೂ ತೂತು, ಒಳಗೋಡೆಯಲ್ಲಿ ಸಣ್ಣ ಥ್ರೆಡ್, ಅಂದರೆ ಸ್ಕ್ರೂನಲ್ಲಿರುವಂಥ ಸುತ್ತುಗೆರೆ. ಇದಕ್ಕೆ ಫ್ಲ್ಯಾಂಜ್ ಅನ್ನುತ್ತಾರೆ. ಹೆಚ್ಚಿನ ಸಲ ಅದು ಇರುವುದೇ ಇಲ್ಲ.

ಇಲ್ಲದಿರುವುದಕ್ಕೆ ಕಾರಣ ಸರಳ. ಫ್ಲ್ಯಾಂಜ್ ಲೆನ್ಸ್‌ನ ಭಾಗವಾಗಿ ಹುಟ್ಟುತ್ತದೆ, ಆದರೆ ಬದುಕುವುದು ಕ್ಯಾಮೆರಾದ ಜೊತೆ. ಅದನ್ನು ಕ್ಯಾಮೆರಾದ ಮುಂದಿನ ಮರದ ಹಲಗೆಗೆ ಸ್ಕ್ರೂ ಹಾಕಿ ಕೂರಿಸುತ್ತಾರೆ. ಲೆನ್ಸನ್ನು ಅದರೊಳಗೆ ತಿರುಗಿಸಿ ಬಿಗಿಯುತ್ತಾರೆ. ಮುಂದೆ ಯಾವಾಗಲೋ ಸ್ಟುಡಿಯೋ ಮುಚ್ಚುತ್ತದೆ. ಲೆನ್ಸ್‌ಗೆ ಬೆಲೆ ಇದೆ ಅಂತ ಗೊತ್ತಿರುವ ಒಬ್ಬರು ಅದನ್ನು ತಿರುಗಿಸಿ ಬಿಚ್ಚಿಕೊಂಡು ಹೋಗುತ್ತಾರೆ. ಬಳೆ ಹಲಗೆಯಲ್ಲೇ ಉಳಿಯುತ್ತದೆ. ಹಲಗೆ ಕ್ಯಾಮೆರಾದ ಜೊತೆ ಅಟ್ಟಕ್ಕೆ ಹೋಗುತ್ತದೆ, ಆಮೇಲೆ ಗುಜರಿಗೆ. ಹೀಗೆ ಎರಡೂ ಬೇರೆಯಾಗುತ್ತವೆ. ಆಮೇಲೆ ಲೆನ್ಸ್ ಕೊಂಡವರಿಗೆ ಅದನ್ನು ಕ್ಯಾಮೆರಾಕ್ಕೆ ಹಾಕುವ ದಾರಿಯೇ ಇರುವುದಿಲ್ಲ. ಮೇಜಿನ ಮೇಲೆ ಅಂದವಾಗಿ ಕೂರುತ್ತದೆ, ಅಷ್ಟೇ.

ಈ ಬಳೆಗಳನ್ನು ಸರಿ ಮಾಡುವುದು, ಇಲ್ಲದಿದ್ದರೆ ಹೊಸದಾಗಿ ಮಾಡಿಸುವುದು ನನಗೆ ತುಂಬಾ ಇಷ್ಟದ ಕೆಲಸ. ಯಾರೂ ಇದನ್ನು ದೊಡ್ಡ ಕೆಲಸ ಅಂದುಕೊಳ್ಳುವುದಿಲ್ಲ. ಆದರೆ ಲೆನ್ಸ್ ಮತ್ತೆ ಚಿತ್ರ ತೆಗೆಯುವುದು ಈ ಬಳೆ ಸರಿಯಾಗಿ ಕೂತಾಗ ಮಾತ್ರ.

ಲಾರ್ಜ್ ಫಾರ್ಮ್ಯಾಟ್ ಕ್ಯಾಮೆರಾ ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ಮರದ ಚೌಕಟ್ಟು, ಮಡಿಚುವ ಬೆಲ್ಲೋಸ್, ಹಿಂದೆ ಉಜ್ಜಿದ ಗಾಜು, ಫೋಟೋಗ್ರಾಫರ್ ತಲೆಗೆ ಕಪ್ಪು ಬಟ್ಟೆ. ನಮ್ಮ ಊರುಗಳ ಹಳೆಯ ಸ್ಟುಡಿಯೋಗಳಲ್ಲಿ, ಶಾಲೆಯ ಗ್ರೂಪ್ ಫೋಟೋ ತೆಗೆಯಲು ಬರುತ್ತಿದ್ದವರ ಹತ್ತಿರ ಇದ್ದದ್ದು ಇದೇ. ಚಿತ್ರ ಮೂಡುವ ಗಾಜಿನ ಪ್ಲೇಟಿನ ಅಳತೆಯಲ್ಲಿ ಇವನ್ನು ಗುರುತಿಸುತ್ತಾರೆ. ಹಾಫ್ ಪ್ಲೇಟ್ ಅಂದರೆ ನಾಲ್ಕು ಮುಕ್ಕಾಲು ಇಂಚಿಗೆ ಆರೂವರೆ ಇಂಚು. ಫುಲ್ ಪ್ಲೇಟ್ ಆರೂವರೆಗೆ ಎಂಟೂವರೆ. ಕೇರಳದ ಆಲಪ್ಪುಳದಲ್ಲಿ 1940ರ ದಶಕದಿಂದ ವಾಗೀಶ್ವರಿ ಅನ್ನುವ ಹೆಸರಿನಲ್ಲಿ ಇಂಥ ಮರದ ಕ್ಯಾಮೆರಾ ತಯಾರಾಗುತ್ತಿತ್ತು. ದೇಶದ ಎಷ್ಟೋ ಸ್ಟುಡಿಯೋಗಳು ಅದರ ಮೇಲೆ ಬದುಕಿವೆ.

ಇದಕ್ಕೂ ಹಿಂದೆ ಹೋದರೆ, 1850ರ ದಶಕದಲ್ಲಿ ಬಿಗ್ಸ್, ಪಿಗೌ, ನೀಲ್ ಅನ್ನುವ ಮೂವರು ಧಾರವಾಡ ಮತ್ತು ಮೈಸೂರು ಸೀಮೆಯ ದೇವಾಲಯಗಳ ಫೋಟೋ ತೆಗೆದರು. ಅದರಲ್ಲಿ ಹಳೇಬೀಡೂ ಇದೆ. ಆ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ಆ ಕಾಲದ ಲೆನ್ಸ್‌ಗಳು ಕೂರುತ್ತಿದ್ದದ್ದು ಇಂಥ ಹಿತ್ತಾಳೆ ಬಳೆಗಳ ಮೇಲೆಯೇ.

ಈಗಿನ ಕಾಲದ ಲಾರ್ಜ್ ಫಾರ್ಮ್ಯಾಟ್ ಲೆನ್ಸ್‌ಗಳಲ್ಲಿ ಈ ತಲೆನೋವು ಇಲ್ಲ. ಶಟರ್‌ನ ಅಳತೆ ನಿಗದಿಯಾಗಿದೆ, ಅದನ್ನು ಕೊಪಾಲ್ ಅನ್ನುವ ಶಟರ್ ಕಂಪನಿಯ ನಂಬರಿನಿಂದ ಗುರುತಿಸುತ್ತಾರೆ. ಕೊಪಾಲ್ ಸೊನ್ನೆ ಅಂದರೆ ಹಲಗೆಯಲ್ಲಿ 34.6 ಮಿಲಿಮೀಟರ್ ತೂತು, ಕೊಪಾಲ್ ಒಂದು ಅಂದರೆ 41.6, ಕೊಪಾಲ್ ಮೂರು ಅಂದರೆ 65. ಅಂಗಡಿಯಿಂದ ತಂದ ಹಲಗೆಗೆ ಸೀದಾ ಹಾಕಬಹುದು. ಹಿತ್ತಾಳೆ ಕಾಲದ ಲೆನ್ಸ್ ಹಾಗಲ್ಲ. ಜೋಸೆಫ್ ಪೆಟ್ಜ್‌ವಾಲ್ ವಿಯೆನ್ನಾದಲ್ಲಿ 1840ರಲ್ಲಿ ರೂಪಿಸಿದ ಪೋರ್ಟ್ರೇಟ್ ಲೆನ್ಸ್‌ನಿಂದ ಹಿಡಿದು ಮುಂದಿನ ಕೆಲವು ದಶಕ, ಪ್ಯಾರಿಸ್‌ನ ಡಾರ್ಲೋ ಆಗಲಿ ಲಂಡನ್ನಿನ ರಾಸ್, ಡಾಲ್‌ಮೇಯರ್ ಆಗಲಿ, ತಮ್ಮ ತಮ್ಮ ವರ್ಕ್‌ಶಾಪಿನ ಅಳತೆಗೆ ಥ್ರೆಡ್ ಹಾಕಿದರು. ಎಷ್ಟೋ ಕಡೆ ಅದನ್ನು ಲೇತ್ (ಲೋಹದ ತುಂಡನ್ನು ತಿರುಗಿಸುತ್ತಾ ಕೊರೆಯುವ ಯಂತ್ರ) ಮೇಲೆ ಕೈಯಲ್ಲಿ ಹಿಡಿದ ಚೇಸರ್‌ನಿಂದ ತೆಗೆಯುತ್ತಿದ್ದರು. ಬಾಚಣಿಗೆಯ ಹಲ್ಲಿನ ಹಾಗೆ ಹಲ್ಲಿರುವ ಉಳಿ ಅದು. ಹೀಗೆ ಮಾಡಿದ ಬಳೆ ತನ್ನ ಲೆನ್ಸ್‌ಗೆ ಸರಿಯಾಗಿ ಕೂರುತ್ತದೆ. ಅದೇ ಕಂಪನಿಯ, ಅದೇ ಸೈಜಿನ ಪಕ್ಕದ ಲೆನ್ಸ್‌ಗೆ ಎರಡು ಸುತ್ತು ಹೋಗಿ ನಿಂತುಬಿಡಬಹುದು.

ಇದರಿಂದ ಫೋಟೋಗ್ರಾಫರ್‌ಗಳಿಗೆ ಆಗುತ್ತಿದ್ದ ಕಿರಿಕಿರಿ ಕಡಿಮೆಯಲ್ಲ. ಕೊನೆಗೆ ಇಂಗ್ಲೆಂಡಿನ ಫೋಟೋಗ್ರಾಫಿಕ್ ಸೊಸೈಟಿ ಈ ಬಗ್ಗೆ ತಲೆ ಕೆಡಿಸಿಕೊಂಡಿತು. 1853ರಲ್ಲಿ ಶುರುವಾದ, 1894ರಲ್ಲಿ ರಾಯಲ್ ಅನ್ನುವ ಪದ ಸೇರಿಸಿಕೊಂಡ ಸಂಸ್ಥೆ ಅದು. ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಅದರ ಹೆಸರಿನ ಫ್ಲ್ಯಾಂಜ್ ಅಳತೆಗಳು ಬಳಕೆಗೆ ಬಂದಿದ್ದವು. ಒಂದು ಇಂಚು, ಒಂದೂಕಾಲು, ಒಂದೂವರೆ, ಎರಡು ಅಂತ ವ್ಯಾಸಗಳು. ಸಣ್ಣ ಸೈಜುಗಳಿಗೆ ಇಂಚಿಗೆ 24 ಥ್ರೆಡ್, ದೊಡ್ಡವಕ್ಕೆ 12. ಥ್ರೆಡ್‌ನ ಆಕಾರ ಇಂಗ್ಲಿಷ್ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಸೂಚಿಸಿದ್ದು. ಅಂದರೆ 55 ಡಿಗ್ರಿ ಕೋನ, ಮೇಲೂ ಕೆಳಗೂ ದುಂಡಗೆ.

ಈ ವಿಷಯದಲ್ಲಿ ನನಗೆ ಪ್ರೀತಿಯ ಮನುಷ್ಯ ಒಬ್ಬರಿದ್ದಾರೆ. ಲೆಸ್ಟರ್ ಊರಿನ ವಿಲಿಯಂ ಟೇಲರ್. ಕುಕ್ ಲೆನ್ಸ್‌ಗಳನ್ನು ಮಾಡಿದ ಟೇಲರ್, ಟೇಲರ್ ಆ್ಯಂಡ್ ಹಾಬ್ಸನ್ ಕಂಪನಿಯನ್ನು 1886ರಲ್ಲಿ ಶುರು ಮಾಡಿದವರಲ್ಲಿ ಒಬ್ಬರು. ಲೆನ್ಸ್ ಥ್ರೆಡ್ ಎಲ್ಲ ಕಡೆ ಒಂದೇ ಆಗಿರಬೇಕು, ಅದನ್ನು ಗೇಜ್ ಹಾಕಿ ಪರೀಕ್ಷಿಸುವ ಹಾಗಿರಬೇಕು ಅಂತ ಹಟ ಹಿಡಿದು ಕೆಲಸ ಮಾಡಿದರು. ಗಾಲ್ಫ್ ಚೆಂಡಿನ ಮೇಲೆ ಸಣ್ಣ ಸಣ್ಣ ಗುಳಿಗಳಿರುತ್ತವೆ ಅಲ್ವಾ, ಅದಕ್ಕೆ ಪೇಟೆಂಟ್ ಪಡೆದವರೂ ಇವರೇ. ಅವರ ಕಾಲದ ಕುಕ್ ಲೆನ್ಸ್ ಕೈಗೆ ಬಂದರೆ ನನಗೆ ನೆಮ್ಮದಿ. ಥ್ರೆಡ್ ಏನಿರಬಹುದು ಅಂತ ಊಹಿಸಬೇಕಾಗಿಲ್ಲ.

ಈಗ ಕೆಲಸದ ಮಾತಿಗೆ ಬರೋಣ. ಬಳೆ ಕಳೆದುಹೋಗಿದೆ, ಹೊಸದು ಬೇಕು. ಮೊದಲು ಲೆನ್ಸ್‌ನ ಗಾಜುಗಳನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಬೇರೆ ಕಡೆ ಇಡಬೇಕು. ಲೇತ್ ಹತ್ತಿರ ಹೋಗುವುದು ಖಾಲಿ ಬ್ಯಾರಲ್, ಅಂದರೆ ಲೆನ್ಸ್‌ನ ಹಿತ್ತಾಳೆ ಕೊಳವೆ ಮಾತ್ರ. ಹಿತ್ತಾಳೆಯ ಚೂರು ಸೂಜಿಯ ಹಾಗೆ ಹಾರುತ್ತದೆ, ಗಾಜಿನ ಮೇಲೆ ಬಿದ್ದು ಉಜ್ಜಿದರೆ ಕಥೆ ಮುಗಿಯಿತು. ವರ್ನಿಯರ್‌ನಲ್ಲಿ ಥ್ರೆಡ್‌ನ ಹೊರ ವ್ಯಾಸ ಅಳೆಯುತ್ತೇನೆ, ಬೇರೆ ಬೇರೆ ಕಡೆ, ಯಾಕೆಂದರೆ ಹಳೆಯ ಬ್ಯಾರಲ್ ಪೂರ್ತಿ ದುಂಡಗಿರುವುದು ಅಪರೂಪ. ಆಮೇಲೆ ಒಂದು ಥ್ರೆಡ್‌ನಿಂದ ಇನ್ನೊಂದಕ್ಕಿರುವ ದೂರ, ಅಂದರೆ ಪಿಚ್, ನೋಡಲು ಹಲ್ಲಿರುವ ಪಟ್ಟಿಯಂಥ ಪಿಚ್ ಗೇಜ್ ಇಟ್ಟು ಬೆಳಕಿಗೆ ಹಿಡಿಯುತ್ತೇನೆ.

ಇಲ್ಲೇ ಒಂದು ಬಲೆ ಇದೆ. ಇಂಚಿಗೆ 24 ಥ್ರೆಡ್ ಅಂದರೆ ಒಂದು ಥ್ರೆಡ್‌ನಿಂದ ಇನ್ನೊಂದಕ್ಕೆ 1.058 ಮಿಲಿಮೀಟರ್. ಒಂದು ಮಿಲಿಮೀಟರ್‌ನ ಮೆಟ್ರಿಕ್ ಗೇಜ್ ಇಟ್ಟರೂ ಸುಮಾರಾಗಿ ಕೂತ ಹಾಗೆ ಕಾಣುತ್ತದೆ. ‘ಒಂದು ಎಂಎಂ ಪಿಚ್ ಹಾಕಿದ್ರೆ ಆಯ್ತಲ್ಲ ಸರ್’ ಅಂತ ಲೇತ್ ನಡೆಸುವ ಟರ್ನರ್ ಕೇಳುವುದು ಸಹಜ. ಆದರೆ ಐದು ಸುತ್ತು ಹೋಗುವಷ್ಟರಲ್ಲಿ ವ್ಯತ್ಯಾಸ 0.29 ಮಿಲಿಮೀಟರ್ ಆಗಿರುತ್ತದೆ. ಮೆಟ್ರಿಕ್ ಥ್ರೆಡ್‌ನ ಕೋನ ಬೇರೆ 60 ಡಿಗ್ರಿ. ಮೊದಲ ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಮೂರನೆಯದಕ್ಕೆ ಬಿಗಿಯುತ್ತದೆ. ಆಗ ಕೈ ಜೋರು ಮಾಡಿದರೆ ನೂರೈವತ್ತು ವರ್ಷ ಬಾಳಿದ ಥ್ರೆಡ್ ಕೆಡುತ್ತದೆ. ಹಿತ್ತಾಳೆ ಮೆತ್ತಗಿನ ಲೋಹ.

ಬೆಂಗಳೂರಿನಲ್ಲಿ ಇರುವುದರಿಂದ ನನಗೆ ಒಂದು ಅನುಕೂಲ ಇದೆ. ಎಚ್‌ಎಂಟಿ 1953ರಲ್ಲಿ ಶುರುವಾದ ಊರು ಇದು, ಅದು ಮೊದಲು ತಯಾರಿಸಿದ್ದೂ ಲೇತ್‌ಗಳನ್ನೇ. ಪೀಣ್ಯದ ಸಣ್ಣ ಶೆಡ್‌ಗಳಲ್ಲಿ ಇವತ್ತಿಗೂ ಕಿವಿಯಲ್ಲೇ ಟೂಲ್‌ನ ಹರಿತ ಹೇಳುವ ಟರ್ನರ್‌ಗಳು ಸಿಗುತ್ತಾರೆ. ನಾನು ಹೋಗುವ ಶೆಡ್ಡಿನ ಹಿರಿಯರನ್ನು ಎಲ್ಲರೂ ಅಣ್ಣ ಅಂತಲೇ ಕರೆಯುತ್ತಾರೆ. ಮೆಟ್ರಿಕ್ ಲೀಡ್‌ಸ್ಕ್ರೂ (ಕೊರೆಯುವ ಟೂಲನ್ನು ಮುಂದೆ ಸರಿಸುವ ಉದ್ದ ಸ್ಕ್ರೂ) ಇರುವ ಲೇತ್‌ನಲ್ಲಿ ಇಂಚಿನ ಥ್ರೆಡ್ ಸರಿಯಾಗಿ ತೆಗೆಯಬೇಕಾದರೆ 127 ಹಲ್ಲಿನ ಗೇರ್ ಬೇಕು. ಇಂಚು ಅಂದರೆ 25.4 ಮಿಲಿಮೀಟರ್, ಅದನ್ನು ಐದರಿಂದ ಗುಣಿಸಿದರೆ 127. ಅದಕ್ಕಿಂತ ಸಣ್ಣ ಪೂರ್ಣ ಸಂಖ್ಯೆಯಲ್ಲಿ ಈ ಲೆಕ್ಕ ಕೂರುವುದಿಲ್ಲ. ‘ಆ ಗೇರ್ ಇರೋ ಲೇತ್ ಹುಡುಕ್ಕೊಂಡು ಹೋಗಿ, ಇಲ್ಲಾಂದ್ರೆ ಹಳೇ ಇಂಚಿನ ಲೇತೇ ವಾಸಿ’ ಅಂತ ಅಣ್ಣ ಹೇಳಿದ್ದರು. ಅವರ ಹತ್ತಿರ ಎರಡೂ ಇದ್ದವು. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಿಷನ್ನಿನಲ್ಲಿ ಪಿಚ್‌ನ ಸಂಖ್ಯೆ ಒತ್ತಿದರೆ ಸಾಕು, ನಿಜ. ಆದರೆ ಒಂದೇ ಒಂದು ಬಳೆಗಾಗಿ ಪ್ರೋಗ್ರಾಂ ಬರೆದು ಮಿಷನ್ ಸೆಟ್ ಮಾಡುವವರು ಸಿಗುವುದು ಕಷ್ಟ. ಅದೂ ಅಲ್ಲದೆ ಇಲ್ಲಿ ಬೇಕಾಗಿರುವುದು ಪುಸ್ತಕದ ಅಳತೆಯಲ್ಲ, ಸವೆದಿರುವ ಈ ಒಂದು ಲೆನ್ಸ್‌ನ ಅಳತೆ. ಸ್ವಲ್ಪ ತೆಗೆಯುವುದು, ಹಾಕಿ ನೋಡುವುದು, ಮತ್ತೆ ಒಂದು ಕೂದಲೆಳೆ ತೆಗೆಯುವುದು. ಇದು ಕೈ ಲೇತ್‌ನ ಕೆಲಸ.

ಪ್ರತಿ ಸಲ ಲೆನ್ಸನ್ನೇ ಹಾಕಿ ನೋಡಿದರೆ ಅದರ ಥ್ರೆಡ್ ಸವೆಯುತ್ತದೆ. ಅದಕ್ಕೆ ನಾವು ಮೊದಲು ಅಲ್ಯೂಮಿನಿಯಂನಲ್ಲಿ ಒಂದು ಡಮ್ಮಿ ಮಾಡಿಕೊಳ್ಳುತ್ತೇವೆ, ಲೆನ್ಸ್‌ನ ಹಿಂಭಾಗದ ನಕಲು. ಬಳೆಯನ್ನು ಡಮ್ಮಿಗೆ ಹೊಂದಿಸಿ, ಕೊನೆಯಲ್ಲಿ ಒಂದು ಸಲ ಮಾತ್ರ ನಿಜವಾದ ಲೆನ್ಸ್ ಹಾಕುವುದು. ಎರಡು ಇಂಚಿನ ಬಳೆ ಅಂದರೆ ಥ್ರೆಡ್‌ನ ಹೊರ ವ್ಯಾಸ 50.8 ಮಿಲಿಮೀಟರ್, ಥ್ರೆಡ್‌ನ ಆಳ 0.68 ಮಿಲಿಮೀಟರ್. ಆ ಆಳದೊಳಗೇ ಎಲ್ಲ ಆಟ ಮುಗಿಯಬೇಕು.

ಇನ್ನೊಂದು ವಿಷಯ ಅಣ್ಣನಿಂದ ಕಲಿತೆ. ತೆಳುವಾದ ಬಳೆಯನ್ನು ಲೇತ್‌ನಲ್ಲಿ ತುಂಡನ್ನು ಹಿಡಿಯುವ ಮೂರು ದವಡೆಯ ಚಕ್‌ನಲ್ಲಿ ಕಚ್ಚಿಸಿ ಥ್ರೆಡ್ ತೆಗೆಯಬಾರದು. ಕಚ್ಚಿಸಿದಾಗ ಅದು ಮೂರು ಕಡೆ ಒತ್ತಿಕೊಂಡಿರುತ್ತದೆ. ಆ ಸ್ಥಿತಿಯಲ್ಲೇ ದುಂಡಗೆ ಕೊರೆದು, ಆಮೇಲೆ ಸಡಿಲ ಬಿಟ್ಟರೆ ಬಳೆ ತನ್ನ ಮೊದಲ ಆಕಾರಕ್ಕೆ ವಾಪಸ್ ಬರುತ್ತದೆ, ಕೊರೆದ ತೂತು ಮೂರು ಮೂಲೆಯಾಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಲೆನ್ಸ್‌ಗೆ ಗೊತ್ತಾಗುತ್ತದೆ. ಹಾಗಾಗಿ ದಪ್ಪ ಹಿತ್ತಾಳೆ ತುಂಡಿನಲ್ಲೇ ಥ್ರೆಡ್ ಮುಗಿಸಿ, ಕಟ್ಟಕಡೆಗೆ ಬಳೆಯನ್ನು ಅದರಿಂದ ಕತ್ತರಿಸಿ ತೆಗೆಯಬೇಕು. ಹಿತ್ತಾಳೆ ಜಾಸ್ತಿ ಗುಜರಿಗೆ ಹೋಗುತ್ತದೆ. ಹೋಗಲಿ.

ಈ ಎಲ್ಲ ಕಷ್ಟಕ್ಕೆ ಸುಲಭದ ದಾರಿಗಳೂ ಇವೆ. ಕೆಲವರು ಲೆನ್ಸ್‌ನ ಥ್ರೆಡ್ಡನ್ನೇ ಅರ ಹಾಕಿ ಉಜ್ಜಿ, ಸಿಕ್ಕ ಬಳೆಗೆ ಹೊಂದಿಸಿಬಿಡುತ್ತಾರೆ. ಕೆಲವರು ಎಪಾಕ್ಸಿ ಹಾಕಿ ಹಲಗೆಗೆ ಅಂಟಿಸುತ್ತಾರೆ. ಬ್ಯಾರಲ್‌ಗೇ ತೂತು ಕೊರೆದು ಸ್ಕ್ರೂ ಹಾಕಿದ್ದನ್ನೂ ನೋಡಿದ್ದೇನೆ. ನನಗೆ ಇದನ್ನು ನೋಡಿದರೆ ಸಂಕಟವಾಗುತ್ತದೆ. ಬಳೆಯನ್ನು ಮತ್ತೆ ಮಾಡಬಹುದು. ಆ ಬ್ಯಾರಲ್ಲನ್ನು ಮಾಡಿದವರು ಯಾರೂ ಈಗ ಇಲ್ಲ. ಲೆನ್ಸ್‌ಗೆ ಬಳೆ ಹೊಂದಬೇಕು, ಬಳೆಗೋಸ್ಕರ ಲೆನ್ಸ್ ಕೆಡಬಾರದು. ಈ ಒಂದು ವಿಷಯದಲ್ಲಿ ನಾನು ಯಾರ ಜೊತೆಯೂ ರಾಜಿಯಾಗುವುದಿಲ್ಲ.

ಅವಸರದಲ್ಲಿ ಲೆನ್ಸ್ ಬಳಸಿ ನೋಡಬೇಕು ಅನ್ನುವವರಿಗೆ ಐರಿಸ್ ಹೋಲ್ಡರ್ ಇದೆ. ತೆಳು ಎಲೆಗಳು ಸುತ್ತಲಿಂದ ಬಂದು ಬ್ಯಾರಲ್ಲನ್ನು ಹಿಡಿಯುತ್ತವೆ, ಯಾವ ಥ್ರೆಡ್ಡೂ ಬೇಡ. ಇದೂ ಹಳೆಯ ಕಾಲದ್ದೇ ಉಪಾಯ. ಕೆಲವು ಕಿಲೋ ತೂಗುವ ದೊಡ್ಡ ಪೋರ್ಟ್ರೇಟ್ ಲೆನ್ಸನ್ನು ಮಾತ್ರ ಅದಕ್ಕೆ ನಂಬಿ ಬಿಡಲು ನನಗೆ ಧೈರ್ಯ ಇಲ್ಲ.

ಬಳೆ ಇದ್ದೂ ಲೆನ್ಸ್‌ಗೆ ಕಚ್ಚಿಕೊಂಡಿರುವುದು ಇನ್ನೊಂದು ಬಗೆಯ ಕೇಸು. ಹಿಂದಿನವರು ಹಾಕಿದ ಗ್ರೀಸು ಹಿತ್ತಾಳೆಯ ತಾಮ್ರದ ಜೊತೆ ಸೇರಿ ಹಸಿರು ಮೇಣವಾಗಿರುತ್ತದೆ. ಕಿಲುಬು ಅನ್ನುತ್ತೇವಲ್ಲ, ಅದರದ್ದೇ ಒಂದು ಅಂಟು ರೂಪ. ಇಲ್ಲಿ ಬೇಕಾಗಿರುವುದು ತಾಳ್ಮೆ. ಗಾಜು ಬಿಚ್ಚಲು ಬಂದರೆ ಬಿಚ್ಚಿಡಬೇಕು. ಥ್ರೆಡ್ ಸಂದಿಗೆ ಪೆನೆಟ್ರೇಟಿಂಗ್ ಆಯಿಲ್ ಒಂದೊಂದೇ ಹನಿ ಬಿಟ್ಟು ರಾತ್ರಿಯಿಡೀ ಇಡಬೇಕು. ಮರುದಿನ ಹೇರ್ ಡ್ರೈಯರ್‌ನಿಂದ ಬಳೆಗೆ ಮಾತ್ರ ಬಿಸಿ ಕೊಡುವುದು. ಮೂರು ಇಂಚಿನ ಹಿತ್ತಾಳೆ ಬಳೆ ಇದ್ದದ್ದಕ್ಕಿಂತ 50 ಡಿಗ್ರಿ ಹೆಚ್ಚು ಬಿಸಿಯಾದರೆ ಅದರ ವ್ಯಾಸ ಸುಮಾರು 0.07 ಮಿಲಿಮೀಟರ್ ಹಿಗ್ಗುತ್ತದೆ. ಕೇಳಲು ಏನೂ ಅಲ್ಲ, ಅಂಟು ಬಿಡಲು ಅಷ್ಟು ಸಾಕು. ಗಾಜು ಒಳಗೇ ಇದ್ದರೆ ಬಿಸಿ ಕೊಡುವ ಯೋಚನೆ ಬಿಟ್ಟುಬಿಡಿ. ಹಳೆಯ ಲೆನ್ಸ್‌ನ ಗಾಜುಗಳನ್ನು ಕೆನಡಾ ಬಾಲ್ಸಂ ಅನ್ನುವ ಮರದ ಅಂಟಿನಿಂದ ಜೋಡಿಸಿರುತ್ತಾರೆ, ಅದು ಬಿಸಿಗೆ ಮೆತ್ತಗಾಗುತ್ತದೆ. ಬಿಚ್ಚಿದ ಮೇಲೆ ಥ್ರೆಡ್ಡನ್ನು ಸೀಮೆಎಣ್ಣೆ ಮತ್ತು ಹಳೆಯ ಟೂತ್‌ಬ್ರಷ್‌ನಿಂದ ತೊಳೆಯುವುದು. ಉಳಿದ ಹಸಿರನ್ನು ಬಿದಿರು ಕಡ್ಡಿ ಚೂಪು ಮಾಡಿಕೊಂಡು ತೆಗೆಯುತ್ತೇನೆ, ಕಬ್ಬಿಣದ ಸೂಜಿ ಮುಟ್ಟಿಸುವುದಿಲ್ಲ.

ಸ್ವಚ್ಛ ಮಾಡುವ ವಿಷಯದಲ್ಲಿ ನಮ್ಮ ಮನೆಗಳ ಅಭ್ಯಾಸ ಅಡ್ಡ ಬರುತ್ತದೆ. ಹಿತ್ತಾಳೆ ಕಂಡರೆ ಹುಣಸೆಹಣ್ಣು ನೆನಪಾಗುತ್ತದೆ. ದೇವರ ದೀಪಕ್ಕೆ, ಬಿಂದಿಗೆಗೆ ಸರಿ. ಲೆನ್ಸ್‌ನ ಬಳೆಗೆ ಬೇಡ. ಹುಳಿ ಜಾಸ್ತಿ ಹೊತ್ತು ಕೂತರೆ ಹಿತ್ತಾಳೆಯ ಮೇಲ್ಮೈಯಿಂದ ಸತು ಹೊರಟು ತಾಮ್ರದ ಗುಲಾಬಿ ಬಣ್ಣ ಉಳಿಯುತ್ತದೆ. ಜೊತೆಗೆ ಆ ಕಾಲದ ಮೇಲ್ಲೇಪವೂ ಹೋಗುತ್ತದೆ.

ಇನ್ನು ಅಮೋನಿಯಾ ಇರುವ ಲೋಹದ ಪಾಲಿಷ್‌ಗಳು. ಇವುಗಳ ಬಗ್ಗೆ ನನಗೆ ಭಯವೇ ಇದೆ. ಆ ಭಯದ ಹಿಂದೆ ನಮ್ಮ ದೇಶದ ಒಂದು ಕಥೆ ಇದೆ. ಬ್ರಿಟಿಷ್ ಸೈನ್ಯ ಇಲ್ಲಿದ್ದಾಗ ಹಿತ್ತಾಳೆಯ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆಗಾಲ ಬಂದರೆ ಗುಂಡು ಹಾರಿಸದೇ ಇದ್ದರೂ ತೋಟಾಗಳ ಗೋಡೆ ತಾನಾಗಿಯೇ ಸೀಳುತ್ತಿತ್ತು. ಮಳೆಗಾಲದಲ್ಲೇ ಆಗುತ್ತಿದ್ದರಿಂದ ಇದಕ್ಕೆ ಸೀಸನ್ ಕ್ರ್ಯಾಕಿಂಗ್ ಅನ್ನುವ ಹೆಸರು ಬಂತು. ಕಾರಣ ಸರಿಯಾಗಿ ತಿಳಿದದ್ದು 1921ರಲ್ಲಿ. ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಅನ್ನುವ ಮೂವರು ಅದನ್ನು ವಿವರಿಸಿದರು. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ, ಗಾಳಿಯ ತೇವ, ಎಳೆದು ಒತ್ತಿ ರೂಪ ಕೊಟ್ಟ ಹಿತ್ತಾಳೆಯೊಳಗೆ ಉಳಿದ ಸೆಳೆತ, ಈ ಮೂರೂ ಸೇರಿದರೆ ಲೋಹ ಬಿರುಕು ಬಿಡುತ್ತದೆ. ಲೆನ್ಸ್‌ನ ಬ್ಯಾರಲ್ ಕೂಡ ಎಷ್ಟೋ ಸಲ ಎಳೆದು ಮಾಡಿದ ತೆಳು ಕೊಳವೆಯೇ. ಒಂದು ಸಲ ಪಾಲಿಷ್ ಹಾಕಿ ಒರೆಸಿದರೆ ಸೀಳುತ್ತದೆ ಅಂತ ಹೇಳುತ್ತಿಲ್ಲ. ಆದರೆ ಪಾಲಿಷ್ ಥ್ರೆಡ್‌ನ ಬುಡದಲ್ಲಿ, ಸಂದಿಯಲ್ಲಿ ಉಳಿಯುತ್ತದೆ. ಅಲ್ಲಿಂದ ತೊಳೆದು ತೆಗೆಯುವುದು ಕಷ್ಟ. ಬ್ಯಾರಲ್‌ನ ಉದ್ದಕ್ಕೂ ಕೂದಲೆಳೆಯ ಬಿರುಕು ಬಿಟ್ಟಿದ್ದ ಒಂದು ಲೆನ್ಸನ್ನು ಕೈಯಲ್ಲಿ ಹಿಡಿದ ಮೇಲಂತೂ ಆ ಡಬ್ಬಿಗಳನ್ನು ಕೆಲಸದ ಮೇಜಿನ ಹತ್ತಿರ ಇಟ್ಟುಕೊಂಡಿಲ್ಲ.

ಹಾಗಾದರೆ ಏನು ಮಾಡಬೇಕು? ಹೆಚ್ಚಿನ ಸಲ ಏನೂ ಮಾಡಬಾರದು. ಒದ್ದೆ ಬಟ್ಟೆಯಿಂದ ಧೂಳು ಒರೆಸಿ ಒಣಗಿಸಿದರೆ ಸಾಕು. ಆ ಕಾಲದಲ್ಲಿ ಹಿತ್ತಾಳೆಗೆ ಅರಗಿನ ಲ್ಯಾಕರ್ ಹಚ್ಚುತ್ತಿದ್ದರು. ಲೋಹವನ್ನು ಬಿಸಿ ಮಾಡಿ, ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ಬ್ರಷ್‌ನಿಂದ ಒಂದೇ ಬೀಸಿಗೆ ಎಳೆಯುವುದು. ಲಂಡನ್ನಿನ ಲೆನ್ಸ್‌ನ ಆ ಜೇನುಬಣ್ಣದ ಹೊಳಪಿಗೆ ಅರಗು ಹೋಗುತ್ತಿದ್ದದ್ದು ನಮ್ಮ ದೇಶದ ಕಾಡುಗಳಿಂದ. ಅದು ಅಲ್ಲಲ್ಲಿ ಸವೆದಿದ್ದರೂ ಉಳಿದದ್ದನ್ನು ಉಳಿಸಬೇಕು. ಸ್ಪಿರಿಟ್ ಹಾಕಿ ಒರೆಸಿದರೆ ಬಟ್ಟೆಯಲ್ಲಿ ಬರುವ ಹಳದಿ ಕೊಳೆಯಲ್ಲ, ಆ ಲ್ಯಾಕರ್.

ಕೆಲವು ಬಳೆಗಳ ಮೇಲೆ ಕಪ್ಪು ಕಲೆಗಳಿರುತ್ತವೆ, ಮುಖ್ಯವಾಗಿ ಕೆಳಗಿನ ಅಂಚಿನಲ್ಲಿ. ಅದು ಸಿಲ್ವರ್ ನೈಟ್ರೇಟ್ ಬಿದ್ದದ್ದು ಇರಬಹುದು. ಫ್ರೆಡರಿಕ್ ಸ್ಕಾಟ್ ಆರ್ಚರ್ 1851ರಲ್ಲಿ ಪ್ರಕಟಿಸಿದ ವೆಟ್ ಕೊಲೋಡಿಯನ್ ವಿಧಾನದಲ್ಲಿ ಗಾಜಿನ ಪ್ಲೇಟ್ ಒದ್ದೆ ಇರುವಾಗಲೇ ಚಿತ್ರ ತೆಗೆಯಬೇಕಿತ್ತು. ಫೋಟೋಗ್ರಾಫರ್‌ನ ಬೆರಳೂ ಕ್ಯಾಮೆರಾದ ಮರವೂ ಅದರಿಂದ ಕಪ್ಪಾಗುತ್ತಿದ್ದವು. ಆ ಕಲೆಯನ್ನು ನಾನು ಮುಟ್ಟುವುದಿಲ್ಲ. ಈ ಲೆನ್ಸ್ ನಿಜವಾಗಿ ಕೆಲಸ ಮಾಡಿದೆ ಅನ್ನುವುದಕ್ಕೆ ಅಷ್ಟು ಖಚಿತವಾದ ಗುರುತು ಬೇರೆ ಸಿಗುವುದಿಲ್ಲ.

ಮರದ ಹಲಗೆಯ ಕೆಲಸ ಇಷ್ಟು ಉದ್ದದ್ದಲ್ಲ. ಸ್ಕ್ರೂ ತೂತು ಸಡಿಲವಾಗಿದ್ದರೆ ಬೆಂಕಿಕಡ್ಡಿ ತುರುಕದೆ, ತೇಗದ ಸಣ್ಣ ಗೂಟ ಅಂಟು ಹಾಕಿ ಕೂರಿಸಿ, ಒಣಗಿದ ಮೇಲೆ ಹೊಸದಾಗಿ ತೂತು ಹಾಕಬೇಕು. ಹಿತ್ತಾಳೆ ಸ್ಕ್ರೂ ಬಲ ಹಾಕಿದರೆ ತಲೆ ಮುರಿಯುತ್ತದೆ. ಮೊದಲು ಅದೇ ಸೈಜಿನ ಉಕ್ಕಿನ ಸ್ಕ್ರೂ ಹಾಕಿ ದಾರಿ ಮಾಡಿಕೊಂಡು, ಅದನ್ನು ತೆಗೆದು, ಹಿತ್ತಾಳೆಯದಕ್ಕೆ ಜೇನುಮೇಣ ಸವರಿ ಹಾಕಿದರೆ ಸುಮ್ನೆ ಇಳಿಯುತ್ತದೆ. ಸ್ಕ್ರೂ ತಲೆಯಲ್ಲಿ ಒಂದೇ ಗೆರೆ ಇರಬೇಕು. ಪ್ಲಸ್ ಗುರುತಿನ ಸ್ಕ್ರೂ ಹಾಕಿದರೆ ಕೆಲಸ ನಡೆಯುತ್ತದೆ, ಆದರೆ ಅದು ಆ ಕಾಲದ್ದಲ್ಲ.

ಲೆನ್ಸ್ ಕೂರಿಸುವಾಗ ಮೊದಲು ಎಡಕ್ಕೆ, ಬಿಚ್ಚುವ ದಿಕ್ಕಿಗೆ, ಮೆಲ್ಲಗೆ ತಿರುಗಿಸಬೇಕು. ಎರಡೂ ಥ್ರೆಡ್‌ಗಳ ಬಾಯಿ ಎದುರಾದಾಗ ಸಣ್ಣದಾಗಿ ಟಿಕ್ ಅನ್ನುತ್ತದೆ. ಅಲ್ಲಿಂದ ಬಲಕ್ಕೆ. ಬಳೆಗೂ ಹಲಗೆಗೂ ನಡುವೆ ತೆಳು ಚರ್ಮದ ವಾಷರ್ ಹಾಕಿದರೆ ಬೆಳಕು ಸೋರುವುದಿಲ್ಲ. ಕೋಣೆ ಕತ್ತಲು ಮಾಡಿ, ಲೆನ್ಸ್‌ಗೆ ಮುಚ್ಚಳ ಹಾಕಿ, ಬೆಲ್ಲೋಸ್ ಒಳಗೆ ಮೊಬೈಲ್ ಟಾರ್ಚ್ ಹಚ್ಚಿಟ್ಟು ಹಿಂಭಾಗ ಮುಚ್ಚಿ. ಬಳೆಯ ಸುತ್ತ ಎಲ್ಲಿಯಾದರೂ ಬೆಳಕಿನ ಗೆರೆ ಕಂಡರೆ ಅಲ್ಲಿ ಮತ್ತೆ ಕೆಲಸ ಇದೆ ಅಂತ ಅರ್ಥ.

ಹೊಸ ಬಳೆಯನ್ನು ಹಳೆಯದರ ಹಾಗೆ ಕಾಣಿಸಲು ಕೆಮಿಕಲ್ ಹಾಕಿ ಕಪ್ಪು ಮಾಡುವುದು ನನಗೆ ಇಷ್ಟವಿಲ್ಲ. ಅದು ಹೊಸದು, ಹಾಗೆಯೇ ಕಾಣಲಿ. ಹಲಗೆಗೆ ತಾಗುವ ಮುಖದಲ್ಲಿ ಮಾಡಿದ ವರ್ಷ ಮತ್ತು ಥ್ರೆಡ್‌ನ ಅಳತೆ ಸಣ್ಣದಾಗಿ ಕೆತ್ತಿಸುತ್ತೇನೆ. ಮುಂದೆ ಅದನ್ನು ಬಿಚ್ಚುವವರಿಗೆ ಯಾವುದು ಮೂಲ, ಯಾವುದು ಆಮೇಲಿನದು ಅಂತ ಗೊತ್ತಾಗಬೇಕು.

ಹಳೆಯ ಸ್ಟುಡಿಯೋ ನಡೆಸುತ್ತಿದ್ದ ಮನೆತನದವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು ಕೇಳಿಕೊಳ್ಳುತ್ತೇನೆ. ಅಟ್ಟದಲ್ಲಿ ಮರದ ಕ್ಯಾಮೆರಾ ಇದ್ದರೆ ಲೆನ್ಸನ್ನು ಮಾತ್ರ ಬಿಚ್ಚಿ ಕೊಡಬೇಡಿ. ಕ್ಯಾಮೆರಾ ಇಟ್ಟುಕೊಳ್ಳುವ ಮನಸ್ಸಿದ್ದರೆ ಮುಂದಿನ ಹಲಗೆಯನ್ನಾದರೂ ಲೆನ್ಸ್ ಸಮೇತ ಹೊರತೆಗೆಯಿರಿ, ಅದು ಹೆಚ್ಚಾಗಿ ಒಂದೆರಡು ಚಿಲಕ ಸರಿಸಿದರೆ ಕೈಗೆ ಬರುತ್ತದೆ. ಲೆನ್ಸ್ ಆಗಲೇ ಹೋಗಿಬಿಟ್ಟಿದ್ದರೂ ಬಳೆ ಇರುವ ಹಲಗೆಯನ್ನು ಗುಜರಿಗೆ ಹಾಕಬೇಡಿ. ಒಳ ವ್ಯಾಸ ಅಳೆದು, ಥ್ರೆಡ್ ಚೆನ್ನಾಗಿ ಕಾಣುವ ಹಾಗೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಒಂದು ಫೋಟೋ ತೆಗೆದಿಡಿ. ಆ ಅಳತೆಯ ಬಳೆಗಾಗಿ ಹುಡುಕುತ್ತಿರುವವರು ಎಲ್ಲೋ ಇದ್ದೇ ಇರುತ್ತಾರೆ.